ಕಾಂಟೂರ್: ಗುಡ್ಡದಿಂದ ಕೆನ್ನೆಯವರೆಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಈ ಅಂಕಣದಲ್ಲಿ ನಾಲೆಗಳ ಬಗ್ಗೆ ಬರೆಯುವಾಗ ಒಂದು ಮಾತು ಹೇಳಿದ್ದೆ. "ನಮ್ಮ ಕಡೆಯ ನಾಲೆಗಳು ನೆಟ್ಟಗೆ ಹೋಗುವುದಿಲ್ಲ, ಕಾಂಟೂರ್ ಹಿಡಿದು ಬಳಸಿಕೊಂಡು ಹೋಗುತ್ತವೆ" ಎಂದು. ಆ ಒಂದು ಮಾತು ಹಿಡಿದುಕೊಂಡು ಬಹಳ ಜನ ಪತ್ರ ಬರೆದಿದ್ದಾರೆ. ಒಬ್ಬರಿಗೆ ಅದು ಭೂಗೋಳದ ಪಾಠ, ಒಬ್ಬರಿಗೆ ಬ್ಯೂಟಿ ಪಾರ್ಲರಿನ ಮಾತು, ಇನ್ನೊಬ್ಬರಿಗೆ ಆಸ್ಪತ್ರೆ ಫೈಲಿನಲ್ಲಿ ಕಂಡ ಪದ. ನಾನು ನಾಲೆ ಸರ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೆಲ, ನೀರಿನ ಕಾಂಟೂರ್ ನನಗೆ ಹತ್ತಿರದ ವಿಷಯ. ಉಳಿದದ್ದನ್ನು ಆಯಾ ಕೆಲಸ ಬಲ್ಲವರನ್ನು ಕೇಳಿ ತಿಳಿದುಕೊಂಡು ಬರೆದಿದ್ದೇನೆ.

"ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಂದು ಪುಸ್ತಕದಲ್ಲಿದೆ. ಬಾಯಿಪಾಠ ಮಾಡಿದ್ದೇನೆ, ಆದರೆ ಅರ್ಥ ಆಗಿಲ್ಲ. ನೆಲದ ಮೇಲೆ ಅಂಥ ಗೆರೆ ಎಲ್ಲಿರುತ್ತದೆ?" (ಪಿಯುಸಿ ವಿದ್ಯಾರ್ಥಿನಿ, ಮದ್ದೂರು)

ನೆಲದ ಮೇಲೆ ಯಾರೂ ಎಳೆದಿರುವುದಿಲ್ಲ. ಆದರೆ ನೀರು ಎಳೆದು ತೋರಿಸುತ್ತದೆ. ಕನ್ನಂಬಾಡಿ ಕಟ್ಟೆಯ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ ಅಲ್ವಾ? ಕಟ್ಟೆ ಪೂರ್ತಿ ತುಂಬಿದರೆ 124.80 ಅಡಿ. ನಿಂತ ನೀರಿನ ಮೇಲ್ಭಾಗ ಎಲ್ಲ ಕಡೆ ಒಂದೇ ಮಟ್ಟ. ಹಾಗಾಗಿ ಕಟ್ಟೆ ತುಂಬಿದ ದಿನ ಹಿನ್ನೀರಿನ ಅಂಚನ್ನೇ ಹಿಡಿದು ನೀನು ನಡೆಯುತ್ತಾ ಹೋದರೆ, ಎಷ್ಟು ತಿರುವು ಸುತ್ತಿದರೂ ಒಂದಡಿ ಹತ್ತಿರುವುದಿಲ್ಲ, ಒಂದಡಿ ಇಳಿದಿರುವುದಿಲ್ಲ. ಆ ಅಂಚೇ 124.80 ಅಡಿಯ ಕಾಂಟೂರ್. ಬೇಸಿಗೆಯಲ್ಲಿ ನೀರು 100 ಅಡಿಗೆ ಇಳಿದಾಗ ಹೊಸ ಅಂಚು ಬರುತ್ತದೆ. ಅದು 100 ಅಡಿಯ ಕಾಂಟೂರ್. ಆಗ ಇನ್ನೊಂದು ವಿಷಯ ನೋಡು. ದಡ ಚಪ್ಪಟೆ ಇರುವ ಕಡೆ ನೀರು ಬಹಳ ದೂರ ಹಿಂದೆ ಸರಿದಿರುತ್ತದೆ. ಕಡಿದಾದ ಕಡೆ ಸರಿದದ್ದೇ ಕಾಣುವುದಿಲ್ಲ. ನಕ್ಷೆಯಲ್ಲಿ ಗೆರೆಗಳು ದೂರ ದೂರ ಇದ್ದರೆ ಸಾಧಾರಣ ಇಳಿಜಾರು, ಒತ್ತೊತ್ತಾಗಿದ್ದರೆ ಕಡಿದು ಎನ್ನುತ್ತಾರಲ್ಲ, ಅದು ಇದೇ.

ಮನೆಯಲ್ಲೇ ಮಾಡಿ ನೋಡಬಹುದು. ಅಗಲ ಟಬ್ಬಿನಲ್ಲಿ ಅಂಕುಡೊಂಕಾದ ಒಂದು ಕಲ್ಲಿಡು. ಒಂದು ಇಂಚು ನೀರು ಹಾಕಿ, ನೀರು ಕಲ್ಲನ್ನು ಮುಟ್ಟುವ ಕಡೆ ಸುತ್ತಲೂ ಸೀಮೆಸುಣ್ಣದಲ್ಲಿ ಗುರುತು ಹಾಕು. ಇನ್ನೊಂದು ಇಂಚು ಹಾಕಿ ಮತ್ತೆ ಗುರುತು. ಕಲ್ಲು ಮುಳುಗುವ ತನಕ ಹೀಗೇ ಮಾಡಿ, ನೀರು ಚೆಲ್ಲಿ, ನೇರ ಮೇಲಿನಿಂದ ನೋಡು. ಕಾಣುವ ಸುತ್ತುಗಳನ್ನು ಹಾಳೆಗೆ ಇಳಿಸಿದರೆ ಆ ಕಲ್ಲಿನ ಕಾಂಟೂರ್ ನಕ್ಷೆ ಸಿದ್ಧ. ಎರಡು ಗೆರೆ ಒಂದನ್ನೊಂದು ಯಾಕೆ ದಾಟುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಒಂದು ಜಾಗಕ್ಕೆ ಎರಡು ಎತ್ತರ ಇರಲಾರದು. ಕಲ್ಲು ಮುಂದಕ್ಕೆ ಚಾಚಿಕೊಂಡು ಕೆಳಗೆ ಪೊಳ್ಳಾಗಿದ್ದರೆ ಮಾತ್ರ ಗೆರೆಗಳು ಒಂದನ್ನೊಂದು ದಾಟಿದಂತೆ ಕಾಣಬಹುದು.

ಈ ಗೆರೆಗಳಿಗೆ ಒಳ್ಳೆಯ ಚರಿತ್ರೆಯಿದೆ. 1730ರಲ್ಲಿ ಕ್ರೂಕಿಯಸ್ ಎಂಬ ಡಚ್ ಸರ್ವೆಯರ್ ನದಿಯ ತಳದ ಆಳ ತೋರಿಸಲು ಇಂಥ ಗೆರೆ ಬಳಸಿದ್ದ. ಗುಡ್ಡದ ವಿಷಯದಲ್ಲಿ ನೆನೆಯಬೇಕಾದ ಹೆಸರು ಇಂಗ್ಲಿಷ್ ಗಣಿತಜ್ಞ ಚಾರ್ಲ್ಸ್ ಹಟನ್. 1774ರಲ್ಲಿ ಸ್ಕಾಟ್‌ಲೆಂಡಿನ ಶಿಹಾಲಿಯನ್ ಬೆಟ್ಟದ ಪಕ್ಕದಲ್ಲಿ, ಬೆಟ್ಟದ ಸೆಳೆತಕ್ಕೆ ತೂಗುಗುಂಡು ಎಷ್ಟು ಓರೆಯಾಗುತ್ತದೆ ಎಂದು ಅಳೆದು, ಅದರಿಂದ ಭೂಮಿಯ ಸಾಂದ್ರತೆ ಲೆಕ್ಕ ಹಾಕುವ ಪ್ರಯೋಗ ನಡೆಯಿತು. ಅದಕ್ಕೆ ಬೆಟ್ಟದ ಗಾತ್ರ ಬೇಕಿತ್ತು. ಹಟನ್ ಮುಂದೆ ಇದ್ದದ್ದು ನಕ್ಷೆಯ ತುಂಬಾ ಎತ್ತರದ ಅಂಕಿಗಳು. ಒಂದೇ ಅಂಕಿಯ ಜಾಗಗಳನ್ನು ತೆಳು ಗೆರೆಯಲ್ಲಿ ಸೇರಿಸುತ್ತಾ ಹೋದಾಗ ಬೆಟ್ಟದ ಆಕಾರ ತಾನಾಗಿ ಹಾಳೆಯ ಮೇಲೆ ಮೂಡಿತು. ಬಾಯಿಪಾಠ ಮಾಡುವ ಬದಲು ನೀನೂ ಒಂದು ಸಲ ಹಾಗೆ ಸೇರಿಸಿ ನೋಡು.

"ನಾಲೆ ಒಂದೇ ಎತ್ತರದ ಗೆರೆ ಮೇಲೆ ಹೋದರೆ ನೀರು ಹರಿಯುವುದು ಹೇಗೆ?" (ಓದುಗರು, ಕೆರಗೋಡು)

ಸರಿಯಾದ ಪ್ರಶ್ನೆ. ನಾಲೆ ಪೂರ್ತಿ ಕಾಂಟೂರ್ ಮೇಲೆ ಇರುವುದಿಲ್ಲ, ಅದಕ್ಕಿಂತ ಕೂದಲೆಳೆಯಷ್ಟು ಇಳಿಯುತ್ತಾ ಹೋಗುತ್ತದೆ. ದೊಡ್ಡ ಮಣ್ಣಿನ ನಾಲೆಗಳಲ್ಲಿ ಐದು ಸಾವಿರ ಅಡಿಗೆ ಒಂದಡಿ ಇಳಿಜಾರು ಕೊಡುವುದು ಸಾಮಾನ್ಯ. ಜಾಸ್ತಿ ಕೊಟ್ಟರೆ ನೀರಿನ ರಭಸಕ್ಕೆ ದಡ ಕೊಚ್ಚಿಹೋಗುತ್ತದೆ, ಕಡಿಮೆ ಕೊಟ್ಟರೆ ಹೂಳು ತುಂಬುತ್ತದೆ. ಎತ್ತರ ಬಿಟ್ಟುಕೊಡಬಾರದು ಎನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ನಾಲೆ ಎಷ್ಟು ಮೇಲೆ ಉಳಿಯುತ್ತದೋ, ಕೆಳಗೆ ಅಷ್ಟು ಜಾಸ್ತಿ ಭೂಮಿಗೆ ನೀರು. ಹೀಗೆ ಗುಡ್ಡದ ಮಗ್ಗುಲು ಹಿಡಿದು ಹೋಗುವ ನಾಲೆಗೆ ಅಚ್ಚುಕಟ್ಟು ಒಂದೇ ಪಕ್ಕ. ಮೇಲಿನ ಪಕ್ಕದ ರೈತ ನಾಲೆ ನೋಡುತ್ತಾ ಮಳೆ ಕಾಯಬೇಕು. ಆ ಸಂಕಟ ನಿಮ್ಮ ಕಡೆ ಯಾರಿಗೂ ಹೊಸದಲ್ಲ.

ದಿಣ್ಣೆ ಅಡ್ಡ ಬಂದರೆ ಎರಡು ದಾರಿ: ಸುತ್ತಿ ಹೋಗುವುದು, ಇಲ್ಲವೇ ಕೊರೆದು ಹೋಗುವುದು. ಮೊದಲು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ನಮ್ಮ ವಿಶ್ವೇಶ್ವರಯ್ಯ ನಾಲೆಗೆ ಹುಲಿಕೆರೆ ಬಳಿ ಎರಡೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗ ತೆಗೆದದ್ದು ಅದಕ್ಕೇ. ಆ ದಿಣ್ಣೆ ದಾಟಿದ್ದರಿಂದಲೇ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಕಾವೇರಿ ಬಂದಳು. ಕಾಂಟೂರ್ ನಕ್ಷೆಯ ಹೆಸರೇ ಇಲ್ಲದ 17ನೇ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ತೋಡಿಸಿದ ನಾಲೆಯಲ್ಲೂ ಇವತ್ತಿಗೂ ನೀರು ಹರಿಯುತ್ತಿದೆ. ಅವರ ಮಟ್ಟದ ಲೆಕ್ಕಕ್ಕೆ ನಾನು ಕೈ ಮುಗಿಯುತ್ತೇನೆ.

"ನಮ್ಮದು ಮಳೆ ನಂಬಿದ ಕೆಂಪು ಹೊಲ, ಇಳಿಜಾರಿದೆ. ಕಾಂಟೂರ್ ಬದು ಹಾಕಿಸಿ ಎನ್ನುತ್ತಾರೆ. ಅದು ಹೊಲದೊಳಗೆ ಹಾವಿನ ಹಾಗೆ ಡೊಂಕಾಗಿ ಬರುತ್ತದೆ. ನೆಟ್ಟಗೆ ಗಡಿ ಹಿಡಿದು ಬದು ಹಾಕಿದರೆ ಸಾಲದೇ?" (ರೈತರು, ನಾಗಮಂಗಲ ತಾಲ್ಲೂಕು)

ಸಾಲದು. ದಯವಿಟ್ಟು ಇದನ್ನು ಪೂರ್ತಿ ಓದಿ. ಈ ಒಂದು ವಿಷಯ ನಮ್ಮ ಒಣ ಹೊಲಗಳಲ್ಲಿ ಸರಿಹೋದರೆ ಎಷ್ಟೋ ಮಣ್ಣು ಉಳಿಯುತ್ತದೆ.

ಗಡಿಯನ್ನು ಹಾಕಿದ್ದು ಸರಪಳಿ ಹಿಡಿದ ಸರ್ವೆ. ಅದಕ್ಕೂ ನೆಲದ ಇಳಿಜಾರಿಗೂ ಸಂಬಂಧ ಇಲ್ಲ. ನೆಟ್ಟಗಿನ ಬದು ಒಂದು ತುದಿಯಲ್ಲಿ ಎತ್ತರದಲ್ಲಿರುತ್ತದೆ, ಇನ್ನೊಂದು ತುದಿಯಲ್ಲಿ ತಗ್ಗಿನಲ್ಲಿರುತ್ತದೆ. ಜೋರು ಮಳೆ ಬಂದಾಗ ಹೊಲದ ನೀರೆಲ್ಲ ಬದುವಿಗೆ ಬಂದು ಬಡಿದು, ಬದುವಿನ ಗುಂಟವೇ ತಗ್ಗಿಗೆ ಓಡುತ್ತದೆ. ಅಲ್ಲಿ ಒಂದೇ ಕಡೆ ಗುಡ್ಡೆಯಾಗಿ, ಬದು ಒಡೆದು, ಕೆಳಗಿನವರ ಹೊಲದಲ್ಲಿ ಕೊರಕಲು ಬೀಳುತ್ತದೆ. ಬದು ಹಾಕಿದ್ದರಿಂದಲೇ ಕೊರಕಲು ಬಿದ್ದ ಹೊಲಗಳನ್ನು ನಾಗಮಂಗಲ, ಮಳವಳ್ಳಿ ಎರಡೂ ಕಡೆ ನಾನು ನೋಡಿದ್ದೇನೆ. ಬದು ಒಂದೇ ಮಟ್ಟದಲ್ಲಿದ್ದರೆ ನೀರಿಗೆ ಓಡಲು ದಿಕ್ಕೇ ಇರುವುದಿಲ್ಲ. ಉದ್ದಕ್ಕೂ ಸಮನಾಗಿ ನಿಲ್ಲುತ್ತದೆ, ಅಲ್ಲೇ ಇಂಗುತ್ತದೆ. ಮೇಲಿನಿಂದ ಬಂದ ಹಸನಾದ ಮಣ್ಣು ಬದುವಿನ ಹಿಂದೆ ಕೂರುತ್ತದೆ. ಡೊಂಕಿಗೆ ಎರಡು ಗುಂಟೆ ಹೋಯಿತು ಎಂದು ಬೇಸರ ಪಡಬೇಡಿ. ನೆಟ್ಟಗಿನ ಬದುವಿನಲ್ಲಿ ಹೋಗುವುದು ಮೇಲ್ಮಣ್ಣು, ಅದು ವಾಪಸ್ ಬರುವುದಿಲ್ಲ.

ಮಟ್ಟ ಹಿಡಿಯಲು ದೊಡ್ಡ ಯಂತ್ರ ಬೇಡ. ಆಳೆತ್ತರಕ್ಕಿಂತ ತುಸು ಉದ್ದದ ಎರಡು ಗಳ ತಗೊಂಡು ತುದಿಯಲ್ಲಿ ಸೇರಿಸಿ ಕಟ್ಟಿ. ಗಳಗಳ ಕೆಳತುದಿ, ಅಂದರೆ ಅದರ ಕಾಲು, ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಹೊಡೆಯಿರಿ. ಮೇಲಿನ ಗಂಟಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲದಲ್ಲಿ ಎರಡು ಗೂಟ ಬಡಿದು ಅವುಗಳ ಮೇಲೆ ಕಾಲುಗಳನ್ನು ನಿಲ್ಲಿಸಿ, ದಾರ ಅಡ್ಡಪಟ್ಟಿ ಮುಟ್ಟುವ ಕಡೆ ಗುರುತು ಹಾಕಿ. ಈಗ ಕಾಲು ಅದಲು ಬದಲು ಮಾಡಿ ಮತ್ತೆ ಗುರುತು ಹಾಕಿ. ಎರಡೂ ಗುರುತಿನ ನಟ್ಟನಡುವೆ ಒಂದು ಗೀರು. ದಾರ ಆ ಗೀರಿಗೆ ಬಂದಾಗಲೆಲ್ಲ ಎರಡೂ ಕಾಲು ಸಮಮಟ್ಟದಲ್ಲಿವೆ ಎಂದರ್ಥ. ಹೊಲದ ಒಂದು ಅಂಚಿನಿಂದ ಶುರು ಮಾಡಿ. ಒಂದು ಕಾಲು ಊರಿ, ಇನ್ನೊಂದನ್ನು ಮೇಲೆ ಕೆಳಗೆ ಆಡಿಸಿ, ದಾರ ಗೀರಿಗೆ ಬಂದ ಕಡೆ ಗೂಟ ಬಡಿಯಿರಿ. ಮತ್ತೆ ಅಲ್ಲಿಂದ ಮುಂದಕ್ಕೆ. ಗಾಳಿ ಬೀಸುವ ಹೊತ್ತಲ್ಲಿ ಮಾಡಬೇಡಿ, ದಾರ ಆಡುತ್ತದೆ. ಕೊನೆಗೆ ಗೂಟಗಳ ಸಾಲು ನೋಡಿ. ಒಂದೆರಡು ಗೂಟ ತೀರಾ ಒಳಗೋ ಹೊರಗೋ ಇದ್ದರೆ ಸ್ವಲ್ಪ ಸರಿಸಿ, ನೇಗಿಲೋ ಟ್ರ್ಯಾಕ್ಟರೋ ತಿರುಗುವಷ್ಟು ನಯವಾದ ಬಾಗು ಮಾಡಿಕೊಳ್ಳಿ. ಮನೆ ಕಟ್ಟುವ ಮೇಸ್ತ್ರಿಗಳ ನೀರು ತುಂಬಿದ ಪೈಪ್ ಮಟ್ಟದಲ್ಲೂ ಇದೇ ಕೆಲಸ ಆಗುತ್ತದೆ.

ಎರಡು ಎಚ್ಚರಿಕೆ. ಬದುವಿಗೆ ಕೋಡಿ ಬಿಡದೇ ಇರಬೇಡಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಮಳೆಗೆ ಹೊರಹೋಗಲು ದಾರಿ ಬೇಕು, ಆ ಕೋಡಿಗೆ ಕಲ್ಲು ಜೋಡಿಸಿ. ಇನ್ನೊಂದು, ನಿಮ್ಮ ಕೆಂಪು ಮಣ್ಣು ನೀರು ಕುಡಿಯುತ್ತದೆ, ಅದಕ್ಕೆ ಈ ಬದು ಸರಿ. ಎರೆ ಮಣ್ಣಾಗಿದ್ದರೆ ನೀರು ಬೇಗ ಇಂಗದೆ ನಿಂತು ಪೈರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬದು ಬಿರುಕು ಬಿಡುತ್ತದೆ. ಅಲ್ಲಿ ಬದುವಿಗೇ ಸ್ವಲ್ಪ ಇಳಿಜಾರು ಕೊಟ್ಟು ನೀರನ್ನು ನಿಧಾನವಾಗಿ ಹೊರಗೆ ಕಳಿಸಬೇಕು.

ಬದು ಹಾಕಿ ಸುಮ್ನೆ ಬಿಟ್ಟರೆ ನಾಲ್ಕು ಮಳೆಗೆ ಕರಗುತ್ತದೆ. ಮೇಲೆ ಲಾವಂಚ ನೆಡಿ. ಗುಂಡ್ಲುಪೇಟೆ ಕಡೆ ರೈತರು ಹೊಲದ ಅಂಚಿಗೆ ಲಾವಂಚ ನೆಡುವುದು ಬಹಳ ಹಿಂದಿನಿಂದ ಇದ್ದ ಪದ್ಧತಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ತಜ್ಞರು ಅದನ್ನು ನೋಡಿ ಬೇರೆ ದೇಶಗಳಿಗೂ ಹೇಳಿಕೊಟ್ಟರು. ಅದರ ಬೇರು ಪಕ್ಕಕ್ಕೆ ಹಬ್ಬದೆ ನೇರ ಆಳಕ್ಕೆ ಇಳಿಯುತ್ತದೆ, ಹಾಗಾಗಿ ರಾಗಿಗೆ ಪೈಪೋಟಿ ಕಡಿಮೆ. ಕೊನೆಯದಾಗಿ, ಉಳುಮೆ ಮತ್ತು ಬಿತ್ತನೆ ಸಾಲು ಕೂಡ ಬದುವಿನ ಬಾಗನ್ನೇ ಹಿಡಿದು ಹೋಗಲಿ. ಇಳಿಜಾರಿನ ಉದ್ದಕ್ಕೆ ಉತ್ತರೆ ಪ್ರತಿ ಸಾಲೂ ಒಂದು ಪುಟ್ಟ ಕಾಲುವೆಯಾಗುತ್ತದೆ. ಅಡ್ಡಕ್ಕೆ ಉತ್ತರೆ ಪ್ರತಿ ಸಾಲೂ ಒಂದು ಪುಟ್ಟ ಕಟ್ಟೆ.

"ಅಕ್ಕನ ಮದುವೆಗೆ ಪಾರ್ಲರಿನವರು ಕಾಂಟೂರಿಂಗ್ ಸೇರಿಸಿ ಪ್ಯಾಕೇಜ್ ಹೇಳಿದ್ದಾರೆ. ಅದು ಏನು, ಬೇಕೇ ಬೇಕಾ?" (ಓದುಗರು, ಪಾಂಡವಪುರ)

ಇದಕ್ಕೆ ನಮ್ಮ ಬೀದಿಯಲ್ಲೇ ಪಾರ್ಲರ್ ನಡೆಸುವ ಹೆಣ್ಣುಮಗಳೊಬ್ಬಳ ಸಹಾಯ ಪಡೆದೆ. ಮುಖದಲ್ಲಿ ಎಲ್ಲಿ ನೆರಳು ಬಿದ್ದರೆ ಚೆನ್ನವೋ ಅಲ್ಲಿ ಚರ್ಮಕ್ಕಿಂತ ಒಂದೆರಡು ಛಾಯೆ ಗಾಢವಾದ ಬಣ್ಣ ಹಚ್ಚಿ ತೀಡುವುದು ಕಾಂಟೂರಿಂಗ್. ಕೆನ್ನೆಯ ಮೂಳೆಯ ಕೆಳಗೆ, ಮೂಗಿನ ಎರಡು ಪಕ್ಕ, ದವಡೆಯ ಅಂಚಿಗೆ ಹಚ್ಚುತ್ತಾರೆ. ನೆರಳು ಹೊಳೆಯುವುದಿಲ್ಲ, ಹಾಗಾಗಿ ಆ ಬಣ್ಣದಲ್ಲೂ ಮಿನುಗು ಇರಬಾರದು. ಬಿಸಿಲಿನ ಕಳೆ ಕೊಡುವ ಬ್ರಾಂಝರ್ ಬೇರೆ, ಎತ್ತರದ ಜಾಗ ಮಿಂಚಿಸುವ ಹೈಲೈಟರ್ ಬೇರೆ. ನಾಟಕ, ಸಿನಿಮಾದವರು ಇದನ್ನು ಹಿಂದಿನಿಂದ ಮಾಡುತ್ತಿದ್ದರು. ಪ್ರಖರ ದೀಪಕ್ಕೆ ಮುಖ ಚಪ್ಪಟೆ ಕಾಣುತ್ತದಲ್ಲ, ಅದಕ್ಕೆ.

ಇದು ಕೇಳಿ ನನಗೆ ಖುಷಿಯಾಯಿತು. ನಕ್ಷೆ ಬರೆಯುವವರೂ ಇದನ್ನೇ ಮಾಡುತ್ತಾರೆ. ಬೆಳಕು ವಾಯವ್ಯದಿಂದ ಬೀಳುತ್ತಿದೆ ಎಂದುಕೊಂಡು ಬೆಟ್ಟದ ಆಗ್ನೇಯ ಮಗ್ಗುಲಿಗೆ ನೆರಳು ತೀಡಿದರೆ ಚಪ್ಪಟೆ ಹಾಳೆಯಲ್ಲಿ ಬೆಟ್ಟ ಎದ್ದು ನಿಲ್ಲುತ್ತದೆ.

ಬೇಕೇ ಬೇಕಾ ಅಂದರೆ, ರಾತ್ರಿ ಆರತಕ್ಷತೆಯ ಫೋಟೋ ದೀಪಗಳಿಗೆ ಚೆನ್ನಾಗಿರುತ್ತದೆ. ಬೆಳಗಿನ ಮುಹೂರ್ತಕ್ಕೆ, ಬಯಲಿನ ಬೆಳಕಿಗೆ ತುಂಬಾ ಕಡಿಮೆ ಸಾಕು. ಬಣ್ಣವನ್ನು ಅಕ್ಕನ ದವಡೆಯ ಮೇಲೆ ಹಚ್ಚಿ, ಬಾಗಿಲಾಚೆ ಬಂದು ಹಗಲ ಬೆಳಕಿನಲ್ಲಿ ನೋಡಿಯೇ ಒಪ್ಪಿಕೊಳ್ಳಿ.

"ತಂದೆಗೆ ಗಂಟಲಿನ ಕ್ಯಾನ್ಸರ್. ರೇಡಿಯೇಶನ್ ಕೊಡಬೇಕು. ಫೈಲಿನಲ್ಲಿ 'ಕಾಂಟೂರಿಂಗ್ ಬಾಕಿ' ಎಂದು ಬರೆದಿದ್ದಾರೆ. ಅದೇನು ಇನ್ನೊಂದು ಆಪರೇಶನ್ನೇ? ಕೇಳಲು ಹೆದರಿಕೆ." (ಓದುಗರು, ಮೈಸೂರು)

ಹೆದರಬೇಡಿ. ಅದು ಆಪರೇಶನ್ ಅಲ್ಲ, ತಂದೆಯ ಮೈ ಮುಟ್ಟುವ ಕೆಲಸವೂ ಅಲ್ಲ. ಅವರನ್ನು ಮಲಗಿಸಿ, ಬಹುಶಃ ಮುಖಕ್ಕೆ ಬಲೆಯಂಥ ಮುಖವಾಡ ಅಚ್ಚು ಮಾಡಿ, ಸಿ.ಟಿ. ಸ್ಕ್ಯಾನ್ ತೆಗೆದಿರುತ್ತಾರೆ. ಆ ಚಿತ್ರಗಳು ತೆಳುವಾದ ಪದರ ಪದರಗಳಾಗಿ ಕಂಪ್ಯೂಟರಿನಲ್ಲಿ ಬರುತ್ತವೆ. ವೈದ್ಯರು ಒಂದೊಂದೇ ಪದರದ ಮೇಲೆ ಗೆಡ್ಡೆಯ ಅಂಚನ್ನು ಗೆರೆ ಎಳೆದು ಗುರುತಿಸುತ್ತಾರೆ. ಅದೇ ಕಾಂಟೂರಿಂಗ್. ಕಣ್ಣಿಗೆ ಕಾಣದೆ ಹಬ್ಬಿರಬಹುದಾದ ಭಾಗಕ್ಕೆ ಸುತ್ತ ಇನ್ನೊಂದು ಅಂಚು. ದಿನದಿನಕ್ಕೂ ಮಲಗುವ ಭಂಗಿ ಕೂದಲೆಳೆ ಹೆಚ್ಚುಕಡಿಮೆ ಆಗಬಹುದಲ್ಲ, ಅದಕ್ಕೆ ಮತ್ತೊಂದು. ಬೆನ್ನುಹುರಿ, ಜೊಲ್ಲುಗ್ರಂಥಿಗಳಂತೆ ಕಾಪಾಡಬೇಕಾದ ಅಂಗಗಳಿಗೂ ಬೇರೆ ಬೇರೆ ಗೆರೆ. ಗಂಟಲಿನ ಭಾಗದಲ್ಲಿ ಇಂಥವು ಒತ್ತೊತ್ತಾಗಿರುವುದರಿಂದ ಸಮಯ ಹಿಡಿಯುತ್ತದೆ. ತಡ ಆಗುತ್ತಿದೆ ಎಂದು ಕಂಗಾಲಾಗಬೇಡಿ, ಇಲ್ಲಿ ಎಳೆದ ಗೆರೆಯ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ಆಮೇಲೆ ಭೌತತಜ್ಞರು ಕಿರಣ ಎಲ್ಲಿಂದ ಎಷ್ಟು ಬೀಳಬೇಕು ಎಂದು ಯೋಜನೆ ಮಾಡುತ್ತಾರೆ. ಅವರ ಪರದೆಯ ಮೇಲೆ, ಸಮನಾದ ಡೋಸ್ ಬೀಳುವ ಜಾಗಗಳನ್ನೆಲ್ಲ ಸೇರಿಸುವ ಬಣ್ಣದ ಗೆರೆಗಳು ಕಾಣುತ್ತವೆ. ಬೆಟ್ಟದ ನಕ್ಷೆಯ ಲೆಕ್ಕವೇ, ಎತ್ತರದ ಬದಲು ಡೋಸ್. ಗೆಡ್ಡೆಯ ಅಂಚು ದಾಟಿದ ಕೂಡಲೇ ಆ ಗೆರೆಗಳು ಒತ್ತೊತ್ತಾಗಿರಲಿ ಎಂದು ಅವರು ಪ್ರಯತ್ನ ಪಡುತ್ತಾರೆ. ಹಾಗಿದ್ದರೆ ಪಕ್ಕದ ಅಂಗಕ್ಕೆ ಡೋಸ್ ಥಟ್ಟನೆ ಇಳಿಯುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಚರ್ಮದ ಮೇಲೆ ಶಾಯಿ ಗುರುತು ಹಾಕಿದ್ದರೆ ಉಜ್ಜಿ ತೊಳೆಯಬೇಡಿ. ತಂದೆ ಸೊರಗಿ ಮುಖವಾಡ ಸಡಿಲ ಆದಂತೆ ಕಂಡರೆ ಅಂದೇ ತಿಳಿಸಿ. ಮತ್ತು ವೈದ್ಯರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು.

"ರಂಗನತಿಟ್ಟಿನಲ್ಲಿ ಗೈಡ್ ಒಬ್ಬರು ಕಾಂಟೂರ್ ಗರಿ ಎಂದರು. ಹಕ್ಕಿಗೂ ನಕ್ಷೆಗೂ ಏನು ಸಂಬಂಧ?" (7ನೇ ತರಗತಿ, ಶ್ರೀರಂಗಪಟ್ಟಣ)

ಸಂಬಂಧ ಆಕಾರದ್ದು. ಹಕ್ಕಿಯ ಮೈ ಮೇಲೆ ಹೊರಗೆ ಕಾಣುವ ಗರಿಗಳು ಕಾಂಟೂರ್ ಗರಿಗಳು. ಅವು ಹೆಂಚಿನಂತೆ ಒಂದರ ಮೇಲೊಂದು ಕೂತು ಹಕ್ಕಿಗೆ ನುಣುಪಾದ ಮೈಕಟ್ಟು ಕೊಡುತ್ತವೆ, ಗಾಳಿ ಸಲೀಸಾಗಿ ಜಾರುತ್ತದೆ, ನೀರೂ ಒಳಗೆ ಇಳಿಯುವುದಿಲ್ಲ. ಅವುಗಳ ಕೆಳಗೆ ಬೆಚ್ಚಗಿಡಲು ಹತ್ತಿಯಂಥ ಮೃದು ಗರಿ ಬೇರೆ ಇರುತ್ತದೆ. ಮುಂದಿನ ಸಲ ಹೋದಾಗ ಬಣ್ಣದ ಕೊಕ್ಕರೆ ಕೊಕ್ಕಿನಿಂದ ಮೈ ತಿದ್ದಿಕೊಳ್ಳುವುದನ್ನು ನಿಂತು ನೋಡು. ಅದು ಗರಿಗಳನ್ನು ಜೋಡಿಸಿಕೊಳ್ಳುತ್ತಿರುತ್ತದೆ.

"ಮಾತಿಗೂ ಕಾಂಟೂರ್ ಇದೆಯಂತೆ?" (ಶಿಕ್ಷಕಿ, ಮೈಸೂರು)

ಇದೆ. "ಬಂದ್ರು" ಎಂದು ದನಿ ಇಳಿಸಿ ಹೇಳಿದರೆ ಸುದ್ದಿ, ಏರಿಸಿ ಹೇಳಿದರೆ ಪ್ರಶ್ನೆ. ಆ ಏರಿಳಿತವನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ನೋಡಬಹುದು. ಅದನ್ನು ಪಿಚ್ ಕಾಂಟೂರ್ ಎನ್ನುತ್ತಾರೆ. ನಿಮ್ಮ ಊರಲ್ಲೇ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಮಾತಿನ ತೊಂದರೆ ಅರಿಯಲು ಇಂಥ ಗೆರೆಗಳು ಉಪಯೋಗಕ್ಕೆ ಬರುತ್ತವೆ.

"ಊರಾಚೆ ಸೈಟ್ ತಗೊಂಡಿದ್ದೇವೆ. ಎಂಜಿನಿಯರ್ ಕಾಂಟೂರ್ ಸರ್ವೆ ಮಾಡಿಸಿ ಎನ್ನುತ್ತಾರೆ. ದುಡ್ಡು ದಂಡ ಅಲ್ವಾ?" (ಓದುಗರು, ಮೈಸೂರು)

ಮೂವತ್ತು ನಲವತ್ತರ ಚಪ್ಪಟೆ ಸೈಟಾದರೆ ಅಷ್ಟು ಅಗತ್ಯ ಇಲ್ಲ. ನಾಲ್ಕು ಮೂಲೆ ಮತ್ತು ರಸ್ತೆಯ ಮಟ್ಟ ನೋಡಿದರೆ ಸಾಕು. ಜಾಗ ದೊಡ್ಡದಿದ್ದರೆ, ಇಳಿಜಾರಿದ್ದರೆ, ಪಕ್ಕದಲ್ಲಿ ಹಳೆಯ ಹಳ್ಳ, ಕೆರೆ ಏನಾದರೂ ಇದ್ದರೆ ಖಂಡಿತ ಮಾಡಿಸಿ, ಅರ್ಧ ಮೀಟರ್ ಅಂತರದ ಗೆರೆ ಕೇಳಿ. ಮೈಸೂರು ಇರುವುದೇ ಎರಡು ನದಿಗಳ ನಡುವಿನ ದಿಣ್ಣೆ ಮೇಲೆ. ಉತ್ತರಕ್ಕೆ ಬಿದ್ದ ಮಳೆ ಕಾವೇರಿ ಕಡೆ, ದಕ್ಷಿಣಕ್ಕೆ ಬಿದ್ದದ್ದು ಕಬಿನಿ ಕಡೆ ಹರಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿದ್ದ ತಗ್ಗು ಸುಮ್ನೆ ತಗ್ಗಲ್ಲ, ಅದು ನೀರಿನ ದಾರಿ. ನಕ್ಷೆಯಲ್ಲಿ ಗೆರೆಗಳೆಲ್ಲ ಒಂದೇ ಸಾಲಿನಲ್ಲಿ ಮೂತಿ ಚೂಪು ಮಾಡಿಕೊಂಡು ಎತ್ತರದ ಕಡೆಗೆ ತಿರುಗಿದ್ದರೆ ಅಲ್ಲಿ ಹಳ್ಳ ಇದೆ ಎಂದು ತಿಳಿಯಿರಿ. ಅದರ ಮೇಲೆ ಮನೆ ಕಟ್ಟಬೇಡಿ. ಮಣ್ಣು ಹಾಕಿ ಎತ್ತರಿಸಿದರೂ ನೀರು ಹೋಗುವುದು ಪಕ್ಕದವರ ಮನೆಗೆ.

"ಚಾಮುಂಡಿ ಬೆಟ್ಟದ ಕಾಂಟೂರ್ ನಕ್ಷೆ ಮಕ್ಕಳಿಗೆ ತೋರಿಸಬೇಕು. ಎಲ್ಲಿ ಸಿಗುತ್ತದೆ?" (ಪ್ರೌಢಶಾಲಾ ಶಿಕ್ಷಕರು, ನಂಜನಗೂಡು)

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಕ್ರಮದಲ್ಲಿ 57 ಡಿ/11 ಎಂಬ ಹಾಳೆ ನೋಡಿ. ಮೈಸೂರು, ಚಾಮುಂಡಿ ಬೆಟ್ಟ, ಕನ್ನಂಬಾಡಿ ಕಟ್ಟೆ, ಶ್ರೀರಂಗಪಟ್ಟಣ ನಾಲ್ಕೂ ಅದೊಂದರಲ್ಲೇ ಬರುತ್ತವೆ. 2017ರಲ್ಲಿ ಇಲಾಖೆ ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಆನ್‌ಲೈನ್ ವ್ಯವಸ್ಥೆ ಮಾಡಿತು. ಅಲ್ಲಿ ಹೊಸ ಸಂಖ್ಯೆ ಇರುತ್ತದೆ, ಊರ ಹೆಸರು ಹಿಡಿದು ಹುಡುಕಿ. ಕಂದು ಬಣ್ಣದ ಗೆರೆಗಳು ಕಾಂಟೂರ್, ಒಂದಕ್ಕೊಂದು 20 ಮೀಟರ್ ಅಂತರ, ಪ್ರತಿ ಐದನೆಯದು ದಪ್ಪ. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಬೆಟ್ಟದ ನೆತ್ತಿ ಸುಮಾರು 1,060 ಮೀಟರ್. ಅಂದರೆ ಬುಡದಿಂದ ತುದಿಗೆ ಹದಿನಾಲ್ಕು ಗೆರೆ ಸಿಗಬೇಕು, ಮಕ್ಕಳ ಕೈಲೇ ಎಣಿಸಿ. ಮೆಟ್ಟಿಲ ದಾರಿ ಗೆರೆಗಳನ್ನು ನೇರ ಕತ್ತರಿಸಿಕೊಂಡು ಹತ್ತುತ್ತದೆ, ಅದಕ್ಕೇ ಏದುಸಿರು. ಬಸ್ಸಿನ ರಸ್ತೆ ಗೆರೆಗಳ ಜೊತೆ ಓರೆಯಾಗಿ ಸಾಗಿ ನಿಧಾನ ಏರುತ್ತದೆ, ಅದಕ್ಕೇ ಉದ್ದ. ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ತಿದ್ದಿಸಿ.

ಮುದ್ರಿಸುವಾಗ ದೊಡ್ಡ ಹಾಳೆ ಬಳಸಿ, ಚಿಕ್ಕದರಲ್ಲಿ ಬೆಟ್ಟದ ಗೆರೆಗಳು ಒಂದರೊಳಗೊಂದು ಸೇರಿ ಹೋಗುತ್ತವೆ. ಗಾತ್ರ ಬದಲಾದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂಬ ಲೆಕ್ಕ ತಪ್ಪುತ್ತದೆ. ಆಗ ಹಾಳೆಯ ಕೆಳಗೆ ಅಚ್ಚಾಗಿರುವ ಅಳತೆಪಟ್ಟಿಯಿಂದಲೇ ದೂರ ಅಳೆಸಿ.